ಉಳಿಸಿ ಉಳಿಸಿ ಆರಿದ ದೀಪ

ಪಾಂಡವಪುರದ ಚಲುವರಾಜುವಿನ ಕಾರು ಓಡಿಸುತ್ತಿದ್ದ ಚಿಕ್ಕಸ್ವಾಮಿಗೆ ಕುಡಿತವಿರಲಿಲ್ಲ, ಇಸ್ಪೀಟು ಇರಲಿಲ್ಲ, ಬೀಡಿಯನ್ನು ಹೆಂಡತಿ ಕುಳ್ಳಮ್ಮ ಎಂದೋ ಬಿಡಿಸಿದ್ದಳು. ಉಳಿದಿದ್ದ ಚಟ ಒಂದೇ: ದೀಪ ಆರಿಸುವುದು.

ಸಂಜೆ ಮೇಲೆ ಕಾರು ಯಾವ ಊರಿನೊಳಕ್ಕೆ ನುಗ್ಗಿದರೂ, ಮೊದಲನೆಯ ಬೀದಿದೀಪ ಕಂಡ ಕೂಡಲೇ ಅವನ ಕೈ ತಾನಾಗಿಯೇ ಹೋಗಿ ಹೆಡ್‌ಲೈಟ್ ಆರಿಸಿಬಿಡುತ್ತಿತ್ತು. ಊರು ದಾಟಿದ ಮೇಲೆ ಮತ್ತೆ ಹೊತ್ತಿಸುತ್ತಿತ್ತು. ರೈಲ್ವೆ ಗೇಟು ಹಾಕಿದ್ದರೆ ಆರಿಸುವುದು, ತೆಗೆದರೆ ಹೊತ್ತಿಸುವುದು. ಹುಣ್ಣಿಮೆಯ ಆಸುಪಾಸಿನಲ್ಲಂತೂ ಚಂದ್ರನ ಮೇಲೆಯೇ ಭಾರ ಹಾಕಿ ಮೈಲಿಗಟ್ಟಲೆ ಹೋಗಿಬಿಡುತ್ತಿದ್ದ. ಯಾರಾದರೂ ಕೇಳಿದರೆ, "ಸರ್ಕಾರ್ದೋರು ಕಂಬಕ್ಕೆ ದೀಪ ಕಟ್ಟಿರದು ಇನ್ಯಾಕೆ?" ಎನ್ನುತ್ತಿದ್ದ.

ಇದು ಅವನೊಬ್ಬನ ಚಟವಲ್ಲ. ಅಂಬಾಸಿಡರ್ ಕಾಲದ ಡ್ರೈವರುಗಳೆಲ್ಲ ಹೆಚ್ಚುಕಮ್ಮಿ ಹೀಗೆಯೇ. ಬ್ಯಾಟರಿ ಎಂಬುದು ಉಪ್ಪಿನಕಾಯಿ ಜಾಡಿ ಇದ್ದ ಹಾಗೆ, ಬಡಿಸಿದಷ್ಟೂ ತಳ ಹತ್ತಿರವಾಗುತ್ತದೆ ಎಂದು ಅವರಿಗೆ ಅವರ ಗುರುಗಳು ಹೇಳಿಕೊಟ್ಟಿದ್ದರು. ಕೋಣೆಯಿಂದ ಕೋಣೆಗೆ ಹೋಗುವಾಗಲೆಲ್ಲ "ಲೈಟ್ ಆರ್ಸೋ" ಎಂದು ಬೈಸಿಕೊಂಡು ಬೆಳೆದ ನಮ್ಮಂಥವರಿಗೆ ಅವನನ್ನು ಆಡಿಕೊಳ್ಳುವ ಮುಖವೆಲ್ಲಿದೆ?

ಚಲುವರಾಜು ಅಕ್ಕಿ ಗಿರಣಿಯ ಯಜಮಾನ. ಅವನ ತಂದೆಯ ಕಾಲದಿಂದಲೂ ಮನೆಯ ಅಂಬಾಸಿಡರಿಗೆ ಚಿಕ್ಕಸ್ವಾಮಿಯೇ ಡ್ರೈವರು. ಚಲುವರಾಜುವನ್ನು ಶಾಲೆಗೆ ಬಿಟ್ಟು ಬಂದವನೂ ಅವನೇ, ದಿಬ್ಬಣದ ಕಾರು ಓಡಿಸಿದವನೂ ಅವನೇ. ವಯಸ್ಸಿನಲ್ಲಿ ಹಿರಿಯನೆಂದು ಚಲುವರಾಜು ಅವನನ್ನು "ಚಿಕ್ಕಸ್ವಾಮಣ್ಣ" ಎನ್ನುತ್ತಿದ್ದ. ಅನ್ನ ಕೊಡುವವನೆಂದು ಚಿಕ್ಕಸ್ವಾಮಿ ಅವನನ್ನು "ಅಣ್ಣ" ಎನ್ನುತ್ತಿದ್ದ. ಯಾರಿಗೆ ಯಾರು ಅಣ್ಣ ಎಂದು ಇಬ್ಬರೂ ವಿಚಾರಿಸಲು ಹೋಗದೆ ಇದ್ದುದರಿಂದ ಸಂಸಾರ ಚೆನ್ನಾಗಿ ನಡೆದಿತ್ತು.

ನಡೆಯದೆ ಹೋದದ್ದು ಕಣ್ಣು. ಐವತ್ತೈದು ದಾಟಿದ ಮೇಲೆ ಚಿಕ್ಕಸ್ವಾಮಿಗೆ ಸಂಜೆಯಾದರೆ ಲೋಕವೆಲ್ಲ ಹೊಗೆ ಕವಿದ ಅಡುಗೆಮನೆಯಂತೆ ಕಾಣತೊಡಗಿತು. ಇದನ್ನು ಮೊದಲು ಪತ್ತೆ ಹಚ್ಚಿದವಳು ಕುಳ್ಳಮ್ಮ. ಒಂದು ಸಂಜೆ ಅವನು ಮುದ್ದೆಯ ಮೇಲೆ ಬಿಟ್ಟುಕೊಳ್ಳಬೇಕಾದ ಸಾರನ್ನು ನೆಮ್ಮದಿಯಾಗಿ ನೆಲಕ್ಕೆ ಬಿಟ್ಟ.

"ಪೊರೆ ಬಂದದೆ ನಿಂಗೆ. ಮೈಸೂರ್ಗೋಗಿ ತೋರ್ಸು" ಎಂದಳು.

"ತೋರ್ಸುದ್ರೆ ಪಟ್ಟಿ ಕಟ್ತಾರೆ. ಪಟ್ಟಿ ಕಟ್ಟುದ್ರೆ ಊರ್ಗೆಲ್ಲ ಗೊತ್ತಾಯ್ತದೆ. ಆಮ್ಯಾಕೆ ನಾನೂ ತಮ್ಮಯ್ಯನೂ ಒಂದೇ ಸ್ಟೂಲ್ ಮೇಲೆ ಕುಂತ್ಕೋಬೇಕಾಯ್ತದೆ ಅಷ್ಟೇಯ."

ತಮ್ಮಯ್ಯ ಗಿರಣಿಯ ಲಾರಿ ಡ್ರೈವರಾಗಿದ್ದವನು. ಕಣ್ಣಿನ ಆಪರೇಷನ್ನು ಸರಿಹೋಗದೆ ಈಗ ಗಿರಣಿಯ ಗೇಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ತಾನು ಓಡಿಸುತ್ತಿದ್ದ ಲಾರಿಗೆ ತಾನೇ ಗೇಟು ತೆಗೆಯುತ್ತಿದ್ದ. ಲಾರಿಯ ಹೊಸ ಡ್ರೈವರು ಒಳಗೆ ಬರುವಾಗ ಗೇರು ತಪ್ಪು ಹಾಕಿದರೆ ತಮ್ಮಯ್ಯನ ಎಡಗಾಲು ಸ್ಟೂಲಿನ ಮೇಲಿಂದಲೇ ಕ್ಲಚ್ಚು ಒತ್ತುತ್ತಿತ್ತು. ಚಿಕ್ಕಸ್ವಾಮಿ ಅದನ್ನು ನೋಡಿದ್ದ. ಪ್ರಪಂಚದಲ್ಲಿ ಅವನಿಗಿದ್ದ ಭಯವೆಲ್ಲ ಆ ಎಡಗಾಲಿನಲ್ಲೇ ಇತ್ತು.

ಆದ್ದರಿಂದ ಉಪಾಯ ಕಂಡುಕೊಂಡ. ಕತ್ತಲಾದ ಮೇಲೆ ಹೊರಟರೆ ಯಾವುದಾದರೂ ಬಸ್ಸಿನ ಬೆನ್ನು ಹಿಡಿಯುವುದು. ಅದರ ಹಿಂದಿನ ಕೆಂಪು ದೀಪ ಎಲ್ಲಿ ಹೋದರೆ ಅಲ್ಲಿಗೆ ಹೋಗುವುದು. ಉಪಾಯ ಚೆನ್ನಾಗಿಯೇ ಇತ್ತು. ಬಸ್ಸು ನಿಲ್ದಾಣದಲ್ಲಿ ನಿಂತರೆ ಇವನೂ ನಿಲ್ಲಬೇಕಾಗುತ್ತಿತ್ತು ಎಂಬುದೊಂದೇ ತೊಡಕು.

"ಬಸ್ಸು ಜನ ಇಳುಸ್ತದೆ, ನಾವ್ಯಾರ್ನ ಇಳುಸ್ಬೇಕು ಚಿಕ್ಕಸ್ವಾಮಣ್ಣ?" ಎಂದು ಹಿಂದೆ ಕೂತ ಚಲುವರಾಜು ಕೇಳಿದ್ದ. ಜಕ್ಕನಹಳ್ಳಿಯಲ್ಲಿ ಒಬ್ಬ ಮುದುಕ ಮೇಲುಕೋಟೆಗೆ ಹೋಗುತ್ತದೆಯೇ ಎಂದು ಬಾಗಿಲಿಗೆ ಕೈಯನ್ನೂ ಹಾಕಿದ್ದ. ಅದಾದ ಮೇಲೆ ಚಲುವರಾಜು, "ನಿಂಗೂ ವಯಸ್ಸಾಯ್ತು, ವಸಿ ರೆಸ್ಟ್ ತಗೋಬೇಕಪ್ಪ" ಎಂದು ಎರಡು ಸಲ ಅಂದಿದ್ದ. ಯಜಮಾನರ ಬಾಯಲ್ಲಿ ರೆಸ್ಟು ಎಂಬ ಮಾತು ಬಂತೆಂದರೆ ಅದಕ್ಕೆ ನಾಲ್ಕು ಕಾಲಿರುತ್ತದೆ, ಅದು ಗೇಟಿನ ಪಕ್ಕ ಇರುತ್ತದೆ ಎಂದು ಚಿಕ್ಕಸ್ವಾಮಿಗೆ ಗೊತ್ತಿತ್ತು.

ಅಷ್ಟರಲ್ಲಿ ಆ ಕಾರು ಬಂತು.

ತೊಂಬತ್ತೆಂಟನೆಯ ಇಸವಿ. ಬೆಂಗಳೂರಿನ ಯಾವುದೋ ಕಂಪನಿಯ ಜರ್ಮನಿ ಸಾಹೇಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಮಾರಿದ ಕಾರು. ದಲ್ಲಾಳಿಯೊಬ್ಬ ಸಂಜೆ ಹೊತ್ತಿಗೆ ಗಿರಣಿಯ ಅಂಗಳಕ್ಕೆ ತಂದು ನಿಲ್ಲಿಸಿದ. ಕಪ್ಪಗೆ, ಎಣ್ಣೆ ಸವರಿದ ಎಮ್ಮೆಯಂತೆ ಮಿರಮಿರ ಮಿಂಚುತ್ತಿತ್ತು. ಚಲುವರಾಜು ಸೀಟು ಒತ್ತಿ ನೋಡಿದ, ಡಿಕ್ಕಿ ತೆಗೆದು ಎಷ್ಟು ಮೂಟೆ ಹಿಡಿಯಬಹುದೆಂದು ಅಂದಾಜು ಮಾಡಿದ. ದಲ್ಲಾಳಿ "ಇದರ ವಿಶೇಷ ನೋಡಿ ಸಾರ್" ಎಂದು ದೀಪ ಹಾಕಿದ.

ಮೊದಲು ಪಕ್ಕನೆ ನೀಲಿ ಮಿಂಚು. ಆಮೇಲೆ ದೀಪಗಳು ತಲೆ ತಗ್ಗಿಸಿ, ಮತ್ತೆ ಎತ್ತಿ, ಗಿರಣಿಯ ಗೋಡೆಗೆ ನಮಸ್ಕಾರ ಮಾಡಿದಂತೆ ಮಾಡಿದವು. ಉಸಿರೆಳೆದುಕೊಳ್ಳುವಷ್ಟು ಹೊತ್ತಿನಲ್ಲಿ ನೀಲಿ ಹೋಗಿ, ಹಾಲು ಚೆಲ್ಲಿದಂಥ ಬಿಳಿ ಬೆಳಕು ಗೋಡೆಯ ತುಂಬ ಹರಡಿತು. ಬೆಳಕಿನ ಮೇಲಂಚು ರಂಗೋಲಿ ಪುಡಿ ಸವರಿದ ದಾರ ಹಿಡಿದು ಗೆರೆ ಹೊಡೆದಷ್ಟು ನೇರ.

"ಕ್ಸೆನಾನ್ ದೀಪ ಸಾರ್. ಮಾಮೂಲಿ ಬಲ್ಬಿನ ಹಾಗೆ ಇದರೊಳಗೆ ತಂತಿ ಇಲ್ಲ. ಗಾಜಿನ ಗುಳ್ಳೆಯೊಳಗೆ ಅನಿಲ ತುಂಬಿರುತ್ತೆ, ಅದರೊಳಗೇ ಕಿಡಿ ಹಾರುತ್ತೆ. ಮಿಂಚು ಹಿಡಿದು ಸೀಸೆಗೆ ತುಂಬಿದ ಹಾಗೆ ಅಂದ್ಕೊಳ್ಳಿ. ಕರೆಂಟು ಕಡಿಮೆ ಕುಡಿಯುತ್ತೆ, ಬೆಳಕು ಎರಡರಷ್ಟು. ಡಿಮ್ಮಿಗೆ ಮಾತ್ರ ಇದು, ಬ್ರೈಟಿಗೆ ಬೇರೆ ಮಾಮೂಲಿ ಬಲ್ಬಿದೆ. ಹಿಂದೆ ಭಾರ ಹಾಕಿದರೆ ಮೂತಿ ಮೇಲೇಳುತ್ತಲ್ಲ, ಆಗ ಎದುರಿನವನ ಕಣ್ಣಿಗೆ ಹೊಡೆಯಬಾರದು ಅಂತ ದೀಪ ತಾನೇ ತಗ್ಗುತ್ತೆ."

"ಅದೇ, ಅದೇ" ಎಂದ ಚಲುವರಾಜು. ತಿಳಿಯದ ವಿಷಯ ಬಂದಾಗ ಅವನು ಎರಡು ಸಲ "ಅದೇ" ಎನ್ನುತ್ತಿದ್ದ.

ದಲ್ಲಾಳಿ ಇನ್ನೂ ಏನೇನೋ ಹೇಳಿದ. ಪದೇ ಪದೇ ಆರಿಸಿ ಹೊತ್ತಿಸಬಾರದು ಎಂಬುದನ್ನೂ ಹೇಳಿದ್ದಿರಬೇಕು. ಆದರೆ ಚಿಕ್ಕಸ್ವಾಮಿ ಅಲ್ಲಿರಲಿಲ್ಲ. ಅವನು ಬೆಳಕಿನ ಜೊತೆಯಲ್ಲೇ ನಡೆದು ಹೋಗಿ ಗೋಡೆಯ ಮುಂದೆ ನಿಂತಿದ್ದ. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಇರುವೆಗಳು ಅವನಿಗೆ ಕಂಡವು, ಅದರಲ್ಲೊಂದು ನುಚ್ಚಕ್ಕಿ ಹೊತ್ತಿದ್ದುದೂ ಕಂಡಿತು. ಎರಡು ವರ್ಷಗಳಿಂದ ಸಂಜೆ ಹೊತ್ತಿನಲ್ಲಿ ಅವನು ಇರುವೆ ನೋಡಿರಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡ. ನೋಡಿದವರು ಸೆಕೆ ಎಂದುಕೊಂಡರು.

ಅಲ್ಲಿಂದ ಮುಂದೆ ಚಿಕ್ಕಸ್ವಾಮಿಗೆ ಪ್ರಾಯ ಬಂತು. ಬಸ್ಸುಗಳ ಬೆನ್ನು ಬಿಟ್ಟ, ಅವುಗಳನ್ನು ಹಿಂದೆ ಹಾಕಿದ. ಕಬ್ಬಿನ ಗಾಡಿಗಳು ದೀಪವಿಲ್ಲದೆ ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿ ಹೋಗುವಾಗ, ಹಿಂದಕ್ಕೆ ಚಾಚಿದ ಕಬ್ಬಿನ ಸೋಗೆ ಒಂದೊಂದೂ ಕಾಣುತ್ತಿತ್ತು. ಎದುರಿನಿಂದ ಬಂದವರು ಮಾತ್ರ ಬೈದುಕೊಂಡು ಹೋಗುತ್ತಿದ್ದರು. ಚಿನಕುರಳಿಯ ಹತ್ತಿರ ಸೈಕಲ್ಲಿನವನೊಬ್ಬ, "ಸೂರ್ಯನ್ನೇ ಕಟ್ಕೊಂಡ್ ಬಂದವ್ನೆ ಬಡ್ಡೀಮಗ" ಎಂದದ್ದು ಅವನಿಗೆ ಹೊಗಳಿಕೆಯಂತೆಯೇ ಕೇಳಿಸಿತು.

ರೆಸ್ಟಿನ ಮಾತು ನಿಂತುಹೋಯಿತು. ಇನ್ನು ಈ ದೀಪ ಇರುವ ತನಕ ತಾನು ಡ್ರೈವರು ಎಂದು ಅವನಿಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ದೀಪವನ್ನು ಕಾಪಾಡಲು ಶುರುಮಾಡಿದ.

ಆಯುಧಪೂಜೆಯ ಹಿಂದಿನ ದಿನ ಚಲುವರಾಜುವಿನ ತಾಯಿ ಬೈರಮ್ಮ ಒಲೆಬೂದಿಯನ್ನೂ ತೆಂಗಿನ ನಾರನ್ನೂ ಹಿಡಿದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅಂಬಾಸಿಡರಿನ ಗಾಜುಗಳನ್ನು ವರ್ಷ ವರ್ಷ ಹಾಗೆ ಉಜ್ಜಿ ಕಂಚಿನ ಚೊಂಬಿನಂತೆ ಹೊಳೆಸಿದ್ದವಳು ಅವಳೇ. ಚಿಕ್ಕಸ್ವಾಮಿ ಓಡಿ ಬಂದು ಕೈ ಅಡ್ಡ ಇಟ್ಟ.

"ಅವ್ವಾ, ಇದು ಗಾಜಲ್ಲ ಕಣವ್ವ, ಪ್ಲಾಸ್ಟಿಕ್ಕು. ನಾರಾಕುದ್ರೆ ಗೀರ್ ಬಿದ್ದು ಮಬ್ಬಾಗೋಯ್ತದೆ."

"ಇಷ್ಟ್ ದುಡ್ ಸುರ್ದು ಪ್ಲಾಸ್ಟಿಕ್ ತಂದವ್ನಾ ನನ್ ಮಗ?" ಎಂದು ಬೈರಮ್ಮ ಎದ್ದು ಹೋದಳು. ಚಿಕ್ಕಸ್ವಾಮಿ ತನ್ನ ಹಳೆಯ ಪಂಚೆಯ ಮೆತ್ತನೆಯ ತುಂಡನ್ನು ನೀರಿನಲ್ಲಿ ಅದ್ದಿ, ಕೂಸಿನ ಮುಖ ಒರೆಸಿದಂತೆ ಒರೆಸಿದ. ಇಷ್ಟು ಸರಿಯಾಗಿ ಮಾಡಿದವನು, ಮಿಕ್ಕದ್ದನ್ನು ತನ್ನ ಬುದ್ಧಿಯಿಂದ ಮಾಡಿದ. ಹಿಂದೆಲ್ಲ ಊರಿಗೊಂದು ಸಲ ಆರಿಸುತ್ತಿದ್ದವನು ಈಗ ಕಂಬಕ್ಕೊಂದು ಸಲ ಆರಿಸತೊಡಗಿದ. ಪೆಟ್ರೋಲ್ ಬಂಕಿನ ಬೆಳಕು ಸಿಕ್ಕಿದರೆ ಆರಿಸಿದ, ಟೀ ಅಂಗಡಿಯ ಗ್ಯಾಸ್‌ಲೈಟು ಸಿಕ್ಕಿದರೂ ಆರಿಸಿದ. ಬೆಳಗಿನ ಮಬ್ಬಿನಲ್ಲಿ ಮೈಸೂರಿಗೆ ಹೊರಟರೆ ಪಾಂಡವಪುರದಿಂದ ಶ್ರೀರಂಗಪಟ್ಟಣ ಮುಟ್ಟುವುದರೊಳಗೆ ದೀಪಗಳು ಎಷ್ಟು ಸಲ ನಮಸ್ಕಾರ ಮಾಡುತ್ತಿದ್ದವೋ, ಯಾವ ಭಕ್ತನೂ ರಂಗನಾಥನಿಗೆ ಅಷ್ಟು ಮಾಡಿರಲಾರ. ಆರಿಸಿದಷ್ಟು ಹೊತ್ತೂ ಉಳಿಯಿತು ಎಂದು ಚಿಕ್ಕಸ್ವಾಮಿಯ ಎದೆ ತಣ್ಣಗಾಗುತ್ತಿತ್ತು.

ವರ್ಷ ಕಳೆಯುವುದರೊಳಗೆ ಎಡಗಡೆಯ ದೀಪ ಗುಲಾಬಿ ಬಣ್ಣಕ್ಕೆ ತಿರುಗಿತು.

ಮೊದಲು ತನ್ನ ಕಣ್ಣೇ ಹೊಸ ಆಟ ಹೂಡಿದೆ ಎಂದುಕೊಂಡ. ಕುಳ್ಳಮ್ಮನನ್ನು ಕರೆದು ಕಾರಿನ ಮುಂದೆ ನಿಲ್ಲಿಸಿ, "ಯಾವ್ ಬಣ್ಣ ಯೋಳು" ಎಂದ.

"ಒಂದು ಬೆಳ್ಳಗದೆ. ಇನ್ನೊಂದು ರೋಸು. ರವಿಕೆಗಾದ್ರೆ ಚೆಂದಾಗಿರ್ತದೆ."

ಆಮೇಲೆ ಆ ರೋಸು ದೀಪ ನಡುನಡುವೆ ತಾನಾಗಿಯೇ ಆರುವುದು, ಮತ್ತೆ ಪಕ್ಕೆಂದು ಹೊತ್ತಿಕೊಳ್ಳುವುದು ಮಾಡತೊಡಗಿತು. ಚಿಕ್ಕಸ್ವಾಮಿ ಶ್ರೀರಂಗಪಟ್ಟಣಕ್ಕೆ, ದಿಲ್ಷಾದನ ಅಂಗಡಿಗೆ ಹೋದ. ದಿಲ್ಷಾದ್ ವಾಹನಗಳ ವೈರಿಂಗ್ ಕೆಲಸದವನು. ಅಂಬಾಸಿಡರಿನ ಹಾರನ್ನಿನಿಂದ ಟ್ರಾಕ್ಟರಿನ ಟೇಪ್‌ರೆಕಾರ್ಡರಿನವರೆಗೆ ಎಲ್ಲವನ್ನೂ ತಟ್ಟಿ, ಊದಿ, ಮತ್ತೆ ತಟ್ಟಿ ಸರಿಮಾಡುತ್ತಿದ್ದ. ಬಾನೆಟ್ ಎತ್ತಿಸಿ ಬಗ್ಗಿ ನೋಡಿ, ತಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಭಾಯ್, ಇದ್ರಲ್ಲಿ ಬಲ್ಬ್ ಹಿಂದ್ಗಡೆ ಒಂದು ಡಬ್ಬ ಐತೆ."

"ಏನ್ ಡಬ್ಬ ಅದು?"

"ಖುದಾನೇ ಬಲ್ಲ. ಮಿಂಚಿನ ಗುರುತು ಹಾಕವ್ರೆ. ಲಾರಿ ಮೇಲೆ ಎಷ್ಟೋ ಗುರುತು ನೋಡಿವ್ನಿ, ತಟ್ಟೀನೂ ಇವ್ನಿ. ಇದನ್ನ ತಟ್ಟೋಕೆ ಕೈ ಬರ್ತಿಲ್ಲ." ಸ್ವಲ್ಪ ಯೋಚಿಸಿ, "ನಮ್ ಬಾಮೈದ ಹಸೀಬ್ ಬೆಂಗಳೂರಲ್ಲಿ ಇಂಥಾ ಫಾರಿನ್ ಗಾಡಿ ಗ್ಯಾರೇಜಲ್ಲೇ ಅವ್ನೆ. ಫೋನ್ ಹೊಡೆಯೋಣ ಬಾ" ಎಂದ.

ಎದುರಿಗೇ ಎಸ್‌ಟಿಡಿ ಬೂತು. ಅದರ ಗಾಜಿನ ಗೂಡಿನಲ್ಲಿ ಒಬ್ಬರಿಗೇ ಜಾಗ. ದಿಲ್ಷಾದ್ ಒಳಗೆ ಫೋನು ಹಿಡಿದು ನಿಂತ, ಚಿಕ್ಕಸ್ವಾಮಿ ಬಾಗಿಲಿಗೆ ಕಿವಿಯಿಟ್ಟು ಹೊರಗೆ ನಿಂತ. ಹಸೀಬ್ ಅಲ್ಲಿ ಹೇಳಿದ್ದನ್ನು ದಿಲ್ಷಾದ್ ಇಲ್ಲಿ ಬಾಗಿಲಿನ ಸಂದಿಯಿಂದ ಬಡಿಸುತ್ತಿದ್ದ.

"ಡಬ್ಬ ಮುಟ್ಟಬೇಡ ಅಂತಾನೆ. ಅದು ಬ್ಯಾಟರಿ ಕರೆಂಟನ್ನ ಇಪ್ಪತ್ತು ಸಾವಿರ ವೋಲ್ಟ್ ಮಾಡಿ ಹೊಡೀತದಂತೆ, ಮೊದ್ಲು ಕಿಡಿ ಹಾರ್ಸೋಕೆ. ಕೈ ಹಾಕಿದ್ರೆ ಸೀದಾ ಮೇಲಕ್ಕೆ... ಹಾ ಹಸೀಬ್, ಬೋಲೋ... ಬಲ್ಬಿನ ಗಾಜೂ ಬರಿಗೈಲಿ ಮುಟ್ಟಬಾರದಂತೆ. ಬೆರಳಿನ ಜಿಡ್ಡು ಕೂತು, ಆ ಕಾವಿಗೆ ಗಾಜು ಸೀಳೋಯ್ತದಂತೆ."

"ರೋಸ್ ಯಾಕಾಯ್ತು, ಅದನ್ನ ಕೇಳು."

"ಅದಕ್ಕೆ ಮುಪ್ಪು ಬಂತಂತೆ ಭಾಯ್. ಹೋಗೋಕೆ ಮುಂಚೆ ಹಂಗೇ ಬಣ್ಣ ತಿರುಗ್ತದಂತೆ, ಆರಿ ಆರಿ ಹೊತ್ತುತದಂತೆ. ಆದ್ರೆ ಇನ್ನೂ ಎಷ್ಟೋ ವರ್ಷ ಬರಬೇಕಿತ್ತು ಅಂತಾನೆ. ನೀವು ಏನು ಮಾಡಿದ್ರಿ ಅಂತ ಕೇಳ್ತಾನೆ."

"ನಾನೇನ್ ಮಾಡ್ನಿ? ಕಣ್ಣಲ್ ಕಣ್ಣಿಟ್ಟು ಕಾಪಾಡಿವ್ನಿ ಅಂತ ಯೋಳು. ಸುಮ್ಕೆ ಒಂದ್ ಗಳಿಗೆ ಉರ್ಸಿಲ್ಲ. ಕಂಬ ಕಂಡಲ್ಲೆಲ್ಲ ಆರ್ಸಿವ್ನಿ ಅಂತ ಯೋಳು."

ದಿಲ್ಷಾದ್ ಹೇಳಿದ. ಆಚೆಯಿಂದ ಹಸೀಬ್ ಬಹಳ ಹೊತ್ತು ಮಾತಾಡಿದ. ದಿಲ್ಷಾದ್ ಅದನ್ನು ಸಂದಿಯಿಂದ ಬಡಿಸಲಿಲ್ಲ. ಫೋನು ಇಟ್ಟು ಹೊರಗೆ ಬಂದು ಚಿಕ್ಕಸ್ವಾಮಿಯ ಹೆಗಲ ಮೇಲೆ ಕೈ ಹಾಕಿದ.

"ಉರಿದ್ರೆ ಇದು ಸವೆಯೋದು ಕಮ್ಮಿ ಅಂತೆ ಭಾಯ್. ಹೊತ್ತಿಸಿದಾಗ ಸವೀತದಂತೆ. ಒಂದೊಂದು ಸಲ ಆ ಕಿಡಿ ಬಿದ್ದಾಗಲೂ ಒಳಗಿನ ಮೊನೆ ಕಿತ್ಕೊಂಡು ಬರ್ತದಂತೆ. ಅದ್ರಲ್ಲೂ ಬಿಸಿ ಇರೋವಾಗ ಆರಿಸಿ ಮತ್ತೆ ಹಚ್ಚಿದ್ರೆ ಇನ್ನೂ ಖರಾಬ್. ಒಂದ್ಸಲ ಹಚ್ಚಿದ್ರೆ ಊರು ಸೇರೋಗಂಟ ಉರಿಯೋಕೆ ಬುಡಬೇಕಿತ್ತು."

ಕುಡಿದು ಹಾಳು ಮಾಡಿದ್ದರೆ ಕುಡಿದದ್ದಾದರೂ ಆಗುತ್ತಿತ್ತು. ಗುದ್ದಿ ಒಡೆದಿದ್ದರೆ ಎದುರಿನವನ ಜೊತೆ ಜಗಳವಾದರೂ ಆಡಬಹುದಿತ್ತು. ಉಳಿಸಿ ಹಾಳು ಮಾಡಿದವನು ಯಾರ ಮೇಲೆ ಎಗರಾಡಬೇಕು?

"ಅಂಬಾಸಿಡರ್ ಬಲ್ಬ್ ತಂದು ಅದ್ರೊಳಿಕ್ಕೆ ಆಕಕ್ಕಾಗಲ್ವಾ?"

"ಅದೂ ಕೇಳ್ದೆ. ಇದ್ರದ್ದು ಅದಕ್ಕಾಗಲ್ಲ, ಅದ್ರದ್ದು ಇದಕ್ಕಾಗಲ್ಲ. ಹೊರಗಡೆಯಿಂದ ತರಿಸಬೇಕು, ತಿಂಗಳುಗಟ್ಟಲೆ ಆಗಬೋದು. ಒಂದು ಬದಲಾಯಿಸಿದ್ರೆ ಜೋಡಿ ಬದಲಾಯಿಸಬೇಕು, ಇಲ್ಲಾಂದ್ರೆ ಒಂದು ಮುದುಕ ಒಂದು ಹುಡುಗ ಇದ್ದಂಗೆ ಇರ್ತದೆ. ನಿಮ್ ಯಜಮಾನ್ರಿಗೆ ಹೇಳ್ಬುಡು ಭಾಯ್."

ಹೇಳಿಬಿಡಬೇಕೆಂದೇ ಚಿಕ್ಕಸ್ವಾಮಿ ವಾಪಸು ಬಂದ. ಬಂದಾಗ ಚಲುವರಾಜು ಗಿರಣಿಯ ಜಗುಲಿಯಲ್ಲಿ ಕೆ.ಆರ್. ಪೇಟೆಯ ಭತ್ತದ ವ್ಯಾಪಾರಿಗಳಿಗೆ, "ತಂತಿನೇ ಇಲ್ಲ ಕಣ್ರೀ, ಮಿಂಚು ಇಡ್ದು ಸೀಸೆಗೆ ತುಂಬವ್ರೆ. ನಮ್ ಕಾಲಕ್ಕೆ ಕೆಡೋ ಮಾತೇ ಇಲ್ಲ" ಎಂದು ಹೇಳುತ್ತಿದ್ದ. ಮರುದಿನ ಹೇಳಲು ಹೋದಾಗ ಚಲುವರಾಜು ಯಾರ ಮೇಲೋ ಕೂಗಾಡುತ್ತಿದ್ದ. ಅದರ ಮರುದಿನ ಒಳ್ಳೆಯ ಖುಷಿಯಲ್ಲಿದ್ದ. ಖುಷಿ ಕೆಡಿಸಲು ಮನಸ್ಸಾಗಲಿಲ್ಲ. ಸಿಟ್ಟಿನಲ್ಲಿದ್ದಾಗ ಭಯ, ಖುಷಿಯಲ್ಲಿದ್ದಾಗ ಪಾಪ. ಎರಡೂ ಅಲ್ಲದ ಯಜಮಾನನನ್ನು ಚಿಕ್ಕಸ್ವಾಮಿ ಎಲ್ಲಿಂದ ತರಬೇಕು? ಅಲ್ಲದೆ ದೀಪ ಹೋಯಿತು ಎಂದರೆ ಚಲುವರಾಜು, ಬೇರೆಯದು ಬರುವವರೆಗೆ ಷೆಡ್ಡಿನಲ್ಲಿರುವ ಹಳೆಯ ಅಂಬಾಸಿಡರ್ ತೆಗೆ ಎನ್ನುತ್ತಾನೆ. ಆ ಮಂಕು ದೀಪದಲ್ಲಿ ಮತ್ತೆ ಬಸ್ಸುಗಳ ಬೆನ್ನು ಹುಡುಕಬೇಕು.

"ದೀಪದ್ದೂ ಯೋಳು, ಕಣ್ಣಿಂದೂ ಯೋಳು. ಎರಡೂ ಒಟ್ಗೆ ಯೋಳುದ್ರೆ ಒಂದೇ ಬೈಗುಳದಲ್ಲಿ ಮುಗ್ದೋಯ್ತದೆ" ಎಂದಳು ಕುಳ್ಳಮ್ಮ. ಅವಳು ಮನೆಯ ಸಾಮಾನನ್ನೂ ಹಾಗೆಯೇ ಒಟ್ಟಿಗೆ ತರುವವಳು.

ಚಿಕ್ಕಸ್ವಾಮಿ ಹೇಳಲಿಲ್ಲ. ಬದಲಿಗೆ ಸಂಜೆಯ ಪ್ರಯಾಣಗಳನ್ನೇ ತಪ್ಪಿಸತೊಡಗಿದ. ಟೈರು ತಣ್ಣಗಿರುವಾಗ ಓಡಿಸಿದರೆ ಒಳ್ಳೆಯದು ಎಂದು ಬೆಳಗ್ಗೆಯೇ ಹೊರಡಿಸಿದ. ರಾಹುಕಾಲದ ಹೆಸರು ಹೇಳಿ ಮಧ್ಯಾಹ್ನವೇ ಮನೆಗೆ ಹೊರಳಿಸಿದ. ರಾಹುಕಾಲವನ್ನು ಎಂದೂ ಲೆಕ್ಕಕ್ಕಿಡದ ಮನುಷ್ಯ ದಿನಕ್ಕೆರಡು ಸಲ ಅದನ್ನು ಎಳೆದು ತಂದಾಗ ಚಲುವರಾಜುವಿಗೆ ಅನುಮಾನ ಬರಬೇಕಾಗಿತ್ತು. ಆದರೆ ಡ್ರೈವರಿಗೆ ಭಕ್ತಿ ಹೆಚ್ಚಿದೆ ಎಂದು ಅವನು ಸಂತೋಷಪಟ್ಟ.

ಕೊನೆಗೆ ನಾಗಮಂಗಲದ ದಾರಿ ಬಂತು. ಚಲುವರಾಜುವಿನ ಮಗಳು ರಮ್ಯಳಿಗೆ ಅಲ್ಲಿ ಒಂದು ಗಂಡು ನೋಡಿದ್ದರು. ಮಾತುಕತೆಗೆ ಚಲುವರಾಜು ಒಬ್ಬನೇ ಹೊರಟ. ಬೆಳಗ್ಗೆ ಹೋಗಿ ಮಧ್ಯಾಹ್ನ ಬರುವುದು ಎಂದು ಚಿಕ್ಕಸ್ವಾಮಿ ಹತ್ತು ಸಲ ಕೇಳಿ ಖಚಿತ ಮಾಡಿಕೊಂಡಿದ್ದ. ಆದರೆ ಬೀಗರಾಗುವವರ ಮನೆಯಲ್ಲಿ ಊಟದ ಮೇಲೆ ಎಲೆಅಡಿಕೆ, ಎಲೆಅಡಿಕೆಯ ಮೇಲೆ ತೆಂಗಿನ ತೋಟ ತೋರಿಸುವುದು, ತೋಟದಿಂದ ಬಂದ ಮೇಲೆ ಕಾಫಿ ಶುರುವಾಯಿತು.

ಚಿಕ್ಕಸ್ವಾಮಿ ಅಂಗಳದಲ್ಲಿ ನಿಂತು ಸೂರ್ಯನನ್ನು ನೋಡಿದ. ಸೂರ್ಯ ಯಾರ ದಾಕ್ಷಿಣ್ಯಕ್ಕೂ ನಿಲ್ಲುವವನಲ್ಲ. ಒಳಗೆ ತಲೆ ಹಾಕಿ, "ಅಣ್ಣ, ಮಳೆ ಬರಂಗದೆ" ಎಂದ. ಜನವರಿಯ ಆಕಾಶದಲ್ಲಿ ಒಂದು ಎಳೆ ಮೋಡವಿರಲಿಲ್ಲ. ಇನ್ನೊಂದು ಸಲ ಹೋಗಿ, "ಬೈರಮ್ಮೋರ್ಗೆ ಉಸಾರಿರ್ನಿಲ್ಲ ಬೆಳಗ್ಗೆ" ಎಂದ. ಬೀಗರಾಗುವವರು ಗಾಬರಿಯಾಗಿ ಬೈರಮ್ಮನ ಕಾಯಿಲೆಗಳನ್ನು ವಿಚಾರಿಸತೊಡಗಿದರು. ಆ ಕಾಯಿಲೆಗಳೆಲ್ಲ ಮುಗಿಯುವ ಹೊತ್ತಿಗೆ ಇನ್ನೊಂದು ಕಾಫಿ ಬಂತು. ಚಿಕ್ಕಸ್ವಾಮಿ ತೆಪ್ಪಗೆ ಹೋಗಿ ಸ್ಟೇರಿಂಗ್ ಹಿಡಿದು ಕೂತ.

ಹೊರಟಾಗ ಹೊತ್ತು ಮುಳುಗಿತ್ತು. ಊರು ದಾಟಿ ದೀಪ ಹಾಕಿದ. ಎಡಗಡೆಯದು ರೋಸಾಗಿ ಹೊತ್ತಿಕೊಂಡು, ಎರಡು ಸಲ ಕಣ್ಣು ಮಿಟುಕಿಸಿ, ಆರಿತು. ಮತ್ತೆ ಹೊತ್ತಲಿಲ್ಲ. ಬಲಗಡೆಯದು ಸ್ವಲ್ಪ ದೂರ ಬಂದು, ಒಂದು ಇಳಿಜಾರಿನಲ್ಲಿ ಅದೂ ರೋಸಾಯಿತು, ಅದೂ ಆರಿತು. ಜೋಡಿಯಾಗಿ ಬಂದವು ಜೋಡಿಯಾಗಿಯೇ ಹೋದವು.

ಬ್ರೈಟಿನ ಮಾಮೂಲಿ ಬಲ್ಬು ಇತ್ತು. ಹಾಕಿದ. ಅವನ ಕಣ್ಣಿಗೆ ಅದು ಹಳದಿ ಮಜ್ಜಿಗೆ ಚೆಲ್ಲಿದಂತೆ ಕಂಡಿತು. ಎದುರಿನಿಂದ ಲಾರಿ ಬಂದರೆ ಅದನ್ನೂ ಡಿಮ್ ಮಾಡಬೇಕು. ಡಿಮ್ ಮಾಡಿದರೆ ಪೂರಾ ಕತ್ತಲು. ಆದ್ದರಿಂದ ಎದುರಿಗೆ ಯಾವ ಬೆಳಕು ಕಂಡರೂ ಅವನು ಕಾರನ್ನು ಪಕ್ಕಕ್ಕೆ ಇಳಿಸಿ ನಿಲ್ಲಿಸಿಬಿಡುತ್ತಿದ್ದ. ಮೊಪೆಡ್ಡಿಗೂ ನಿಲ್ಲಿಸಿದ. ಒಂದು ಸಲ ಯಾರದೋ ತೋಟದ ಮನೆಯ ಬಲ್ಬಿಗೂ ನಿಲ್ಲಿಸಿ ಅದು ದಾಟಿ ಹೋಗಲಿ ಎಂದು ಕಾದ.

"ಏನಾಯ್ತಣ್ಣ? ಯಾಕಿಂಗೆ ನಿಂತ್ ನಿಂತ್ ಓಯ್ತಿದ್ದೀಯ?" ಎಂದ ಚಲುವರಾಜು.

"ದೀಪ ಓಯ್ತು ಅಣ್ಣ. ಎರಡೂವೆ."

"ಬ್ರೈಟ್ ಅದಲ್ಲ. ಓಡ್ಸು."

"ಎದುರ್ನೋರ್ಗೆ ಒಡೀತದೆ."

"ಒಡೀಲಿ ಬುಡು. ಸರಿ, ಇಲ್ ಕೊಡು ನಾನೇ ಓಡುಸ್ತೀನಿ. ಇಂಗೋದ್ರೆ ಬೆಳಗಾಗೋಯ್ತದೆ."

ಚಲುವರಾಜು ಬಂದು ಸ್ಟೇರಿಂಗ್ ಹಿಡಿದ. ಚಿಕ್ಕಸ್ವಾಮಿ ಪಕ್ಕದ ಸೀಟಿನಲ್ಲಿ ಕೂತ. ಆ ಸೀಟಿನಲ್ಲಿ ಅವನು ಎಂದೂ ಕೂತಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಗಳ ನಡುವೆ ಇಟ್ಟುಕೊಂಡ. ಚಲುವರಾಜು ಯಜಮಾನರು ಓಡಿಸುವ ಹಾಗೆ, ರಸ್ತೆಯೂ ತನ್ನ ಆಳು ಎಂಬಂತೆ ಓಡಿಸಿದ. ಎದುರಿನ ಲಾರಿಗಳು ದೀಪ ಮಿಟುಕಿಸಿ, ಹಾರನ್ನು ಹೊಡೆದು, ತಾಯಿಯನ್ನೂ ತಂಗಿಯನ್ನೂ ನೆನೆದು ಹೋದವು. ಚಿಕ್ಕಸ್ವಾಮಿಗೆ ಸುಮ್ಮನಿರಲಾಗಲಿಲ್ಲ.

"ನಿಧಾನ ಅಣ್ಣ, ಮುಂದೆ ಮೋರಿ. ರಸ್ತೆ ಕಿರುದಾಗ್ತದೆ."

ಮೋರಿ ಬಂತು. ಚಲುವರಾಜು ದಾಟಿಸಿದ.

"ಈಗ ಎಡಕ್ಕೆ ತಿರುವು. ತಿರುವಾಗುತ್ಲೂವೆ ಒಂದ್ ಗುಂಡಿ ಅದೆ, ಬಲಕ್ಕೆಳ್ಕೊಳಿ."

ತಿರುವೂ ಬಂತು, ಗುಂಡಿಯೂ ಬಂತು.

"ಉಣಸೇಮರ ಬಂತಾ? ಬಂದ್ರೆ ಗೇರ್ ಇಳ್ಸಿ, ಅಂಪ್ ಅದೆ."

ಚಲುವರಾಜು ಗೇರು ಇಳಿಸಿದ. ಹಂಪು ದಾಟಿದ. ಮುಂದೆ ಸ್ವಲ್ಪ ದೂರ ಹೋಗಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

"ಉಣಸೇಮರ ಬಂತಾ ಅಂತ ನನ್ನ ಕೇಳುದ್ಯಲ್ಲ. ನಿಂಗೆ ಕಾಣುಸ್ನಿಲ್ವಾ?"

ಚಿಕ್ಕಸ್ವಾಮಿ ಟವಲಿನಿಂದ ಮುಖ ಒರೆಸಿಕೊಂಡ.

"ಮೋರಿ ಕಾಣುಸ್ತಾ?"

"ಇಲ್ಲ ಅಣ್ಣ."

"ಮತ್ತೆಂಗ್ ಯೋಳ್ದೆ?"

"ಕುಂಡೆಗೆ ಗೊತ್ತಾಯ್ತದೆ ಅಣ್ಣ. ಇಷ್ಟ್ ವರ್ಸ ಓಡ್ಸಿಲ್ವಾ, ಸೀಟು ಎಂಗೆ ಅದುರುದ್ರೆ ಎಲ್ಲಿಗ್ ಬಂದ್ವಿ ಅಂತ ಗೊತ್ತಾಯ್ತದೆ."

ಸಹಾಯ ಮಾಡಲು ಹೋಗಿ ಎಲ್ಲವನ್ನೂ ಬಿಚ್ಚಿಟ್ಟಿದ್ದೇನೆಂದು ಅವನಿಗೆ ಹೊಳೆದದ್ದು ಆಮೇಲೆ. ಒಂದು ಕಬ್ಬಿನ ಗಾಡಿ ಗಂಟೆ ಕುಣಿಸುತ್ತ ಅವರ ಪಕ್ಕದಲ್ಲೇ ದಾಟಿತು. ಚಲುವರಾಜು ಅದು ಹೋಗುವವರೆಗೆ ಅದನ್ನೇ ನೋಡಿದ. ಚಿಕ್ಕಸ್ವಾಮಿ ಗಂಟೆಯ ಸದ್ದು ಬಂದ ಕಡೆಗೆ ಮುಖ ಮಾಡಿ ಕೂತಿದ್ದ.

"ಎಷ್ಟ್ ದಿವಸದಿಂದ?"

"ಅಂಬಾಸಿಡರ್ ಇದ್ದಾಗ್ಲಿಂದ. ಈ ಬಿಳಿ ದೀಪ ಬಂದ್ಮೇಲೆ ಎಲ್ಲ ಕಾಣ್ತಿತ್ತು ಅಣ್ಣ. ಅದ್ಕೇ ಅದನ್ನ ಉಳುಸ್ಕೋಬೇಕು ಅಂತ ಅಲ್ಲಲ್ಲೇ ಆರುಸ್ತಾ ಇದ್ದೆ. ಆರ್ಸಿದ್ಕೇ ಓಯ್ತಂತೆ."

"ನನ್ ಮಕ್ಳುನ್ನ ಕುಂಡ್ರುಸ್ಕೊಂಡು ಓಡ್ಸಿದ್ದೀಯಲ್ಲ ಚಿಕ್ಕಸ್ವಾಮಣ್ಣ."

ಬೈದಿದ್ದರೆ ಚಿಕ್ಕಸ್ವಾಮಿ ತಡೆದುಕೊಳ್ಳುತ್ತಿದ್ದ. ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಈ ಮಾತಿಗೆ ಸಿದ್ಧನಾಗಿರಲಿಲ್ಲ. ಆ ಮಕ್ಕಳನ್ನು ಕಂಡರೆ ಅವನಿಗೆ ಪ್ರಾಣ. ಹೌದಲ್ಲ, ಕೂರಿಸಿಕೊಂಡು ಓಡಿಸಿದ್ದೇನಲ್ಲ ಎಂದು ಅವನಿಗೂ ಈಗಲೇ, ಮೊದಲನೆಯ ಸಲ, ಅನ್ನಿಸಿತು. ಚಲುವರಾಜು ಕಾರು ಹೊರಡಿಸಿದ. ಮುಂದೆ ಇನ್ನೆರಡು ಮೋರಿ, ಒಂದು ನಾಲೆ ಸೇತುವೆ ಬಂದವು. ಚಿಕ್ಕಸ್ವಾಮಿಗೆ ಎಲ್ಲವೂ ಗೊತ್ತಾಯಿತು. ಬಾಯಿ ಬಿಡಲಿಲ್ಲ.

ಮನೆಯ ಮುಂದೆ ಇಳಿದು ಚಲುವರಾಜು ಬೀಗದ ಕೈಯನ್ನು ಎಂದಿನಂತೆ ಅವನಿಗೆ ಕೊಡಲಿಲ್ಲ. ಜೇಬಿಗೆ ಹಾಕಿಕೊಂಡ. ಒಳಗೆ ಹೋಗುತ್ತಿದ್ದವನು ಬಾಗಿಲಲ್ಲಿ ನಿಂತು, ತಿರುಗಿ ನೋಡದೆ ಹೇಳಿದ.

"ನಾಳಿಂದ ಬೆಳ್ಕರದ್ ಮೇಲೆ ಬಾ. ಬೆಳ್ಕಿರೋಗಂಟ ನಿಂಗೆ ಬೇರೆ ಏನಾರ ಕೆಲ್ಸ ನೋಡಾನ. ಕಾರ್ ಬ್ಯಾಡ. ಮೊದ್ಲು ಕಣ್ಣು ತೋರ್ಸು."

ಇಷ್ಟು ವರ್ಷವೂ ಆ ಮನೆಯವರು ಅವನಿಗೆ ಹೇಳಿದ್ದು ಕೋಳಿ ಕೂಗುವ ಮುಂಚೆ ಬಾ ಎಂದು. ಚಿಕ್ಕಸ್ವಾಮಿ ತಲೆಯಾಡಿಸಿದ. ನೋಡುವವರು ಯಾರೂ ಇರಲಿಲ್ಲ. ಗೋಡೆ ಸವರಿಕೊಂಡು ಪಕ್ಕದ ಬೀದಿಯ ತನ್ನ ಮನೆಗೆ ನಡೆದ.

ಕುಳ್ಳಮ್ಮ ಮುದ್ದೆ ಇಟ್ಟಳು, ಸಾರನ್ನು ತಾನೇ ಬಡಿಸಿದಳು. ಕಾರು ಬಂದ ಸದ್ದಿನಲ್ಲೇ ಓಡಿಸಿದವನು ಬೇರೆ ಎಂದು ಅವಳಿಗೆ ತಿಳಿದಿತ್ತು. ಅರ್ಧ ಮುದ್ದೆ ಇಳಿದ ಮೇಲೆ ಅವನೇ ಕೇಳಿದ.

"ಈಗ ಎಷ್ಟ್ ಗಂಟ್ಗೆ ಬೆಳ್ಕರೀತದೆ? ಆರೂವರೆ?"

"ನಂಗೆ ಆರೂವರ್ಗೇ ಬೆಳ್ಕರ್ದೋಯ್ತದೆ. ನಿಂಗೆ ಯಾವಾಗ ಅರೀತದೋ ನೀನೇ ಯೋಳ್ಬೇಕು."

ಚಿಕ್ಕಸ್ವಾಮಿ ತುತ್ತನ್ನು ಸಾರಿಗೆ ಅದ್ದಿದ.

"ಏಳೂಕಾಲು ಅಂತ ಮಡೀಕೋ" ಎಂದ.